ಅತ್ತೆಗೆ ಬೇಕಾದ ವಕೀಲರು

ಅಪ್ಪನ ತಂಗಿ, ಅಂದರೆ ನನ್ನ ಅತ್ತೆ, ನರ್ಸ್ ಕೆಲಸದಿಂದ ನಿವೃತ್ತಳಾದ ಮೇಲೆ ಒಂದು ದಿನ ಇರಕಲ್ಲಗಡದಿಂದ ಫೋನ್ ಮಾಡಿದಳು. “ಉಯಿಲು ಬರಸ್ಬೇಕು. ಒಬ್ಬ ಛಲೋ ವಕೀಲರನ್ನ ನೋಡು. ಆದ್ರ ನಮ್ಮ ಮಂದಿಗೆ ಪರಿಚಯ ಇರಬಾರ್ದು.”

ಮಕ್ಕಳಿಲ್ಲದ ಅತ್ತೆಯ ಹೆಸರಿನಲ್ಲಿ ಗಿಣಿಗೇರಾ ರಸ್ತೆಯಲ್ಲಿ ಒಂದು ಪ್ಲಾಟ್ ಇತ್ತು. ಅದು ನನಗೇ ಎಂದು ಮನೆಯವರೆಲ್ಲ ತೀರ್ಮಾನಿಸಿಬಿಟ್ಟಿದ್ದರು. ನನ್ನ ಹೆಂಡತಿಯಂತೂ ಅಲ್ಲಿನ ಅಡುಗೆಮನೆಯ ಕಿಟಕಿ ಯಾವ ದಿಕ್ಕಿಗೆ ಎಂಬುದನ್ನೂ ಗಟ್ಟಿ ಮಾಡಿದ್ದಳು. ನಾನೇನೂ ಬೇಡವೆಂದವನಲ್ಲ. ಅಪ್ಪನ ಹೊಲ, ಮನೆ ಆಗಲೇ ನನ್ನ ಹೆಸರಿಗೆ ಬಂದಿದ್ದವು. ಅಪ್ಪ ತೀರಿಕೊಂಡ ವರ್ಷ ತಂಗಿಗೆ ಒಂದು ಇಳಕಲ್ ಸೀರೆ ಕೊಟ್ಟು, ಹಕ್ಕು ಬಿಟ್ಟ ಪತ್ರಕ್ಕೆ ಸಹಿ ಹಾಕಿಸಿಕೊಂಡಿದ್ದೆ. ನಮ್ಮ ಕಡೆ ಎಲ್ಲರೂ ಮಾಡುವುದೇ ಹಾಗೆ. ಅವಳು ಓದಲಿಲ್ಲ, ನಾನೂ ಓದು ಎನ್ನಲಿಲ್ಲ.

ಅತ್ತೆಯನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೊರಟೆ. ಕೊಪ್ಪಳದ ವಕೀಲರು ಕುರ್ಚಿ ತೋರಿಸುವ ಮೊದಲೇ, “ಯಾವ ಊರ್ರಿ? ಯಾರ ಪೈಕಿ?” ಎಂದರು. ಎರಡೇ ನಿಮಿಷದಲ್ಲಿ ಅವರು ನಮ್ಮ ದೊಡ್ಡಪ್ಪನ ಬೀಗರ ಕಡೆಯವರಾಗಿಬಿಟ್ಟರು. “ಆಧಾರ್ ಕಾರ್ಡ್ ಮನ್ಯಾಗ ಮರ್ತು ಬಂದೀನ್ರಿ,” ಎಂದು ಅತ್ತೆ ಎದ್ದಳು. ಗಂಗಾವತಿಯ ವಕೀಲರು ಚಹಾ ತರಿಸಿ ಚೆನ್ನಾಗಿಯೇ ಮಾತಾಡಿಸಿದರು, ಆದರೆ ಅವರ ಹೆಂಡತಿಯ ತವರು ಇರಕಲ್ಲಗಡವೇ. ಅಲ್ಲಿಯೂ ಆಧಾರ್ ಮರೆತುಹೋಯಿತು. ಕುಷ್ಟಗಿಯ ವಕೀಲರು ನಮಗೆ ಯಾರೂ ಅಲ್ಲ ಎಂದು ಖುಷಿಪಡುವಷ್ಟರಲ್ಲಿ ಅವರ ಗುಮಾಸ್ತರು, “ಅಳ್ಯಾರ, ಬರ್ರಿ ಬರ್ರಿ!” ಎಂದು ಎದ್ದು ನಿಂತರು. ನನ್ನ ಮಾವನ ಮನೆಯ ಪಕ್ಕದವರು.

“ನಮಗ ಬೀಗರಲ್ಲದ ವಕೀಲರು ಈ ಜಿಲ್ಲಾದಾಗ ಹುಟ್ಟೇ ಇಲ್ಲ, ಅತ್ತಿ,” ಎಂದೆ.

“ಹುಡುಕು. ಗೊತ್ತಾತು ಅಂದ್ರ ಒಬ್ಬೊಬ್ಬರ ಬಂದು ನನ್ನ ಮನಸ್ಸು ತಿರಗಸ್ತಾರ.”

ನನಗೋಸ್ಕರ ಇಷ್ಟೊಂದು ಕಾಳಜಿಯೇ ಎಂದು ನಾನು ಒಳಗೊಳಗೇ ಉಬ್ಬಿಹೋದೆ.

ಕೊನೆಗೆ ಯಲಬುರ್ಗಾದಲ್ಲಿ ಒಬ್ಬ ವಕೀಲೆ ಸಿಕ್ಕರು. ಊರು ಕೇಳಲಿಲ್ಲ, ಪೈಕಿ ಕೇಳಲಿಲ್ಲ. ನನ್ನ ಕಡೆ ತಿರುಗಿ, “ನೀವು ಹೊರಗ ಕುಂದರ್ರಿ. ಯಾರಿಗೆ ಕೊಡ್ತಾರ ಅನ್ನೋದು ಅವರ ಬಾಯಿಂದ ನಾ ಒಬ್ಬಾಕಿನ ಕೇಳ್ಬೇಕು,” ಎಂದರು.

ಅತ್ತೆಯ ಮುಖ ಅರಳಿತು. “ಆಧಾರ್ ತಂದೀನ್ರಿ,” ಎಂದಳು.

ನಾನು ಹೊರಗೆ ಬೆಂಚಿನ ಮೇಲೆ ಕುಳಿತು ಮಿರ್ಚಿ ಭಜಿ ತಿನ್ನುತ್ತಾ ಆ ಪ್ಲಾಟಿನಲ್ಲಿ ಮನೆ ಕಟ್ಟಿ, ಮೇಲೊಂದು ಮಹಡಿಯನ್ನೂ ಏರಿಸಿದೆ.

ವಾರ ಬಿಟ್ಟು ಸಹಿಗೆ ಹೋದೆವು. ಅತ್ತೆ ಸಹಿ ಮಾಡಿದ ಮೇಲೆ ವಕೀಲೆ ಪೆನ್ನನ್ನು ನನ್ನ ಕೈಗೆ ಕೊಟ್ಟರು. “ನೀವೊಬ್ಬರು ಸಾಕ್ಷಿ, ನಮ್ಮ ಟೈಪಿಸ್ಟ್ ಒಬ್ಬರು. ಆಸ್ತಿ ಸಿಗೋರು ಸಾಕ್ಷಿ ಹಾಕಬಾರ್ದು, ಮುಂದ ತಕರಾರು ಬರತೈತಿ. ನಿಮ್ದೇನೂ ತೊಂದ್ರಿ ಇಲ್ರಿ.”

ಕೈ ಅಲ್ಲೇ ನಿಂತಿತು. “ಮತ್ತ ಯಾರಿಗೆ, ಅತ್ತಿ?”

“ನಿನ್ನ ತಂಗಿಗೆ. ಓದಿ ಸಹಿ ಮಾಡು. ಆಕಿಗೆ ನೀ ಓದಾಕ ಕೊಟ್ಟಿದ್ದಿಲ್ಲ.”

ನಾಲ್ಕು ತಾಲೂಕು ತಿರುಗಿಸಿದವನು ನಾನು, ಪ್ಲಾಟ್ ಅವಳಿಗೆ! ಸಿಟ್ಟು ನೆತ್ತಿಗೇರಿತು. ಓದತೊಡಗಿದೆ. ಎರಡನೆಯ ಪುಟಕ್ಕೆ ಬರುವಷ್ಟರಲ್ಲಿ, ಅಂದು ತಂಗಿ ಸಹಿ ಮಾಡಿ, “ಎಲ್ಲಾ ಸರಿ ಐತೇನಣ್ಣಾ?” ಎಂದು ಕೇಳಿದ್ದು ನೆನಪಾಯಿತು. ನಾಚಿಕೆಯಾಯಿತು. ಸಹಿ ಮಾಡಿದೆ.

ಅತ್ತೆ ಚೀಲದಿಂದ ಒಂದು ಹೊಸ ಅಂಗಿ ಬಟ್ಟೆ ತೆಗೆದು ನನ್ನ ಮುಂದೆ ಹಿಡಿದಳು.

“ತಗೋ. ಸಹಿ ಮಾಡಿದವ್ರಿಗೆ ಅರಿವಿ ಕೊಡೋದು ನಮ್ಮ ಮನಿ ಪದ್ಧತಿ ಅಲ್ಲೇನು?”

ನಾನು ಎರಡೂ ಕೈಯಲ್ಲಿ ತೆಗೆದುಕೊಂಡೆ.