ದಬ್ಬಿದರೆ ಚಾಲೂ ಆಗುವ ಜೀಪು

ನನ್ನ ಜೀಪಿಗೆ ಕಾಗದಪತ್ರ ಇಲ್ಲ. ಎಂದೂ ಇರಲಿಲ್ಲ. ಅಣೆಕಟ್ಟಿನ ಕೆಲಸ ಮುಗಿಸಿ ಗಂಟುಮೂಟೆ ಕಟ್ಟುತ್ತಿದ್ದ ಗುತ್ತಿಗೆದಾರನೊಬ್ಬನಿಂದ ನನ್ನ ಗಂಡ ಗದ್ವಾಲದಲ್ಲಿ ಅದನ್ನು ಕೊಂಡರು. "ಕಾಗಜು ಮುಂದಿನ ವಾರ ಕಳಿಸ್ತೀನ್ರಿ" ಅಂದ ಆ ಪುಣ್ಯಾತ್ಮ ಮುಂದಿನ ವಾರ ಯಾವ ಊರಿನಲ್ಲಿದ್ದನೋ ಶಿವನಿಗೇ ಗೊತ್ತು. ನಮ್ಮವರು ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವ ಪೈಕಿ. ಜೀಪು ನಮ್ಮೂರು ಮಕ್ತಲ್‌ಗೆ ಬರುವ ಮೊದಲೇ ಅದರ ಸೀಟಿಗೆ ಹೊದಿಕೆ ಹೊಲಿಸಿ ಇಟ್ಟಿದ್ದರು. ಕಾಗದದ ಯೋಚನೆ ಮಾತ್ರ ಅವರಿಗೆ ಹೊಳೆಯಲಿಲ್ಲ.

ಹೊಳೆಯದ್ದು ಇನ್ನೂ ಒಂದಿತ್ತು, ಅದನ್ನು ನಡೆಸುವವರು ಯಾರು ಎನ್ನುವುದು. ಸ್ಟೇರಿಂಗ್ ಹಿಡಿದ ಮೊದಲ ದಿನವೇ ಅವರು ಬೇವಿನ ಕಟ್ಟೆಗೆ ಗುದ್ದಿ, ಕೆಳಗಿಳಿದು, ಕೈ ಮುಗಿದರು. ಕಟ್ಟೆಗೆ ಮುಗಿದರೋ ಜೀಪಿಗೆ ಮುಗಿದರೋ ನಾನು ಕೇಳಲಿಲ್ಲ. ಮರುದಿನದಿಂದ ಸ್ಟೇರಿಂಗ್ ನನ್ನ ಕೈಗೆ ಬಂತು. ಅತ್ತೆ ಒಂದು ತಿಂಗಳು ನನ್ನ ಕೂಡ ಮಾತು ಬಿಟ್ಟಿದ್ದರು. ಆಮೇಲೆ ಅವರೇ ಮುಂದಿನ ಸೀಟಿನಲ್ಲಿ ಕೂತು ದೇವರಿಗೆ ಹೋಗತೊಡಗಿದರು.

ನಾರಾಯಣಪೇಟೆಯ ನೇಕಾರರ ಮನೆಗಳಿಂದ ಸೀರೆ ತಂದು ಸಂತೆ ಸಂತೆಗೆ ಒಯ್ದು ಮಾರುವುದು ನಮ್ಮ ಕಸುಬು. ಧನ್ವಾಡ, ದಾಮರಗಿದ್ದ, ಅದರಾಚೆಯ ಹಳ್ಳಿಗಳು. ಮಳೆ ಬಿದ್ದರೆ ಆ ಕಡೆಯ ಎರೆಮಣ್ಣು ಎತ್ತಿನ ಗಾಡಿಯನ್ನೂ ಬಿಡುವುದಿಲ್ಲ, ಅಚ್ಚಿನ ತನಕ ನುಂಗುತ್ತದೆ. ನಮ್ಮ ಜೀಪಿಗೆ ಮುಂದಿನ ಗಾಲಿಗೂ ಕಸುವು ಕೊಡುವ ಗೇರೊಂದಿತ್ತು. ಅದನ್ನು ಹಾಕಿದರೆ ಸಾಕು, ಗುರುಗುಡುತ್ತ ಎದ್ದು ಬರುತ್ತಿತ್ತು. ಬಸ್ಸು ಬಾರದ ದಿನ ಊರಿನ ಹೆಂಗಸರು ನಮ್ಮ ದಾರಿ ಕಾಯುತ್ತಿದ್ದರು. ಆ ದಿನಗಳಲ್ಲಿ ನಾನು ಬಹಳ ಸೊಕ್ಕಿನಿಂದ ಇದ್ದೆ, ಸುಳ್ಳು ಯಾಕೆ ಹೇಳಲಿ.

ಕೊಂಡ ಕೆಲವೇ ವರ್ಷದಲ್ಲಿ ಸೆಲ್ಫ್ ಸತ್ತಿತು. ಕೀಲಿ ತಿರುಗಿಸಿದರೆ ಜೀಪು ಚಾಲೂ ಆಗುತ್ತಿರಲಿಲ್ಲ, ಹಿಂದಿನಿಂದ ದಬ್ಬಬೇಕು. "ದಬ್ಬಾಕ ನಾ ಇರೋತನಾ ಸೆಲ್ಫ್ ಯಾಕ ಬೇಕ?" ಎಂದು ಅವರು ರಿಪೇರಿ ಮಾಡಿಸಲೇ ಇಲ್ಲ. ನಾನು ಮುಂದೆ, ಅವರು ಹಿಂದೆ. ಬಸ್ಸಿನ ಕ್ಲೀನರ್‌ಗಳ ಹಾಗೆ ಹಿಂದಿನ ತಗಡಿಗೆ ಒಂದು ಸಲ ಬಡಿದರೆ ನಿಲ್ಲು, ಎರಡು ಸಲ ಬಡಿದರೆ ಹೋಗು. ಎಂಜಿನ್ ಹಿಡಿದ ಮೇಲೆ ನಿಲ್ಲಿಸುವ ಹಾಗಿಲ್ಲ, ನಿಂತರೆ ಮತ್ತೆ ದಬ್ಬಬೇಕು. ಅವರು ಎರಡು ಬಡಿದು, ಓಡಿ ಬಂದು ಹಿಂದಿನಿಂದ ಹತ್ತುತ್ತಿದ್ದರು. ವಯಸ್ಸಾಗಿ ಓಡುವುದು ಆಗದಾದಾಗ ನಾನು ಹನುಮಪ್ಪನ ಗುಡಿ ಸುತ್ತಿ ತಿರುಗಿ ಬಂದು, ಮೆಲ್ಲಗೆ ಮಾಡಿ, ಅವರನ್ನು ಹತ್ತಿಸಿಕೊಳ್ಳುತ್ತಿದ್ದೆ. ಒಂದು ಚಳಿಗಾಲದಲ್ಲಿ ಅವರು ತೀರಿಕೊಂಡರು. ನಮಗೆ ಮಕ್ಕಳಿರಲಿಲ್ಲ.

ಅವರು ಹೋದ ಮೇಲೆ ಮೆಕ್ಯಾನಿಕ್ ಹೊಸ ಸೆಲ್ಫ್ ಹಾಕುತ್ತೇನೆ ಎಂದ. ನಾನು ಬೇಡ ಎಂದೆ. ಜಿಪುಣತನ ಎಂದುಕೊಂಡಿರಬೇಕು ಅವನು. ನಿಜ ಏನೆಂದರೆ, ಸಂತೆಯ ದಿನ ಬೆಳಿಗ್ಗೆ ನಾನು ಓಣಿಯ ಮನೆಮನೆಗೆ ಹೋಗಿ "ಏಳ್ರೋ, ಒಂದೀಟು ಕೈ ಹಚ್ಚರಿ" ಎಂದು ಕರೆಯುತ್ತಿದ್ದೆ. ಯಾರಿಗೆ ಜ್ವರ, ಯಾರ ಸೊಸೆ ತವರಿಗೆ ಹೋಗಿದ್ದಾಳೆ, ಎಲ್ಲ ಆಗಲೇ ತಿಳಿಯುತ್ತಿತ್ತು. ಐದಾರು ಮಂದಿ ನಗುತ್ತ, ನನ್ನನ್ನೂ ಜೀಪನ್ನೂ ಕೂಡಿಸಿ ಬೈಯುತ್ತ ದಬ್ಬುತ್ತಿದ್ದರು. ಸೆಲ್ಫ್ ಹಾಕಿಸಿದ್ದರೆ ನನ್ನ ಬಾಗಿಲಿಗೆ ಯಾರು ಬರುತ್ತಿದ್ದರು?

ಈಗಂತೂ ಯಾರೂ ಬರುವುದಿಲ್ಲ. ದುಡಿಯಲು ಕೆಲವರು ಹೈದರಾಬಾದಿಗೆ ಹೋದರು. ಉಳಿದ ಮನೆಗಳಿಗೆ ಬಾಡಿಗೆಯವರು ಬಂದಿದ್ದಾರೆ, ಒಳ್ಳೆಯವರೇ, ಎದುರು ಸಿಕ್ಕರೆ ನಗುತ್ತಾರೆ. ನನ್ನ ಎಡ ಮೊಣಕಾಲು ಕ್ಲಚ್ ಒತ್ತುವುದನ್ನು ಬಿಟ್ಟಿದೆ. ಎದುರು ಮನೆಯ ಕೋಳಿ ಡ್ರೈವರ್ ಸೀಟಿನಲ್ಲಿ ಮೊಟ್ಟೆಯಿಟ್ಟ ದಿನ ನಾನು ಜೀಪು ಮಾರುವುದೆಂದು ತೀರ್ಮಾನಿಸಿದೆ. ಮೊಟ್ಟೆಯನ್ನು ಆ ಮನೆಯವರಿಗೆ ವಾಪಸು ಕೊಟ್ಟೆ.

ಮೊದಲು ಬಂದವನು ನಾರಾಯಣಪೇಟೆ ರಸ್ತೆಯಲ್ಲಿ ಧಾಬಾ ಇಟ್ಟವನು. ಜೀಪನ್ನು ಬಾಗಿಲ ಮುಂದೆ ಕಟ್ಟೆಯ ಮೇಲೆ ನಿಲ್ಲಿಸುತ್ತಾನಂತೆ, ಗಿರಾಕಿಗಳು ಫೋಟೋ ತೆಗೆಸಿಕೊಳ್ಳಲಿಕ್ಕೆ. ಸುತ್ತ ಒಂದು ಸಲ ತಿರುಗಿ, "ಮನ್ಯಾಗ ಗಂಡಸ್ರು ಯಾರರ ಇದ್ರ ಕರೀರಿ, ಮಾತಾಡಾಕ" ಎಂದ.

"ಒಬ್ರಿದ್ರು. ಅವರ ಕೂಡ ಮಾತಾಡಬೇಕಂದ್ರ ನೀವ ಮ್ಯಾಲ ಹೋಗಬೇಕಾಗ್ತೈತಿ. ಹೋಗ್ತೀರೇನು?" ಎಂದೆ.

ಅವನು ಚಹಾ ಕುಡಿಯದೆ ಹೋದ.

ಎರಡನೆಯವನು ಗದ್ವಾಲದವನು. ವಡ್ಡೆಪಲ್ಲಿ ಕಡೆ ಮಾವಿನ ತೋಟ ಮಾಡಿದ್ದಾನೆ. ಅವನು ಬಂದವನೇ ನೆಲಕ್ಕೆ ಬೆನ್ನು ಹಚ್ಚಿ ಜೀಪಿನ ಕೆಳಗೆ ತೂರಿದ. ಹೊರಗೆ ಬರುವಾಗ ಅವನ ಮುಖದಲ್ಲಿದ್ದ ಸಂತೋಷ ನೋಡಿ ನನಗೆ ಹೊಟ್ಟೆ ಉರಿಯಿತು.

"ರೋಡಿಗೆ ತರಂಗಿಲ್ಲಕ್ಕಾ, ತೋಟದಾಗ ಓಡಸ್ತೀನಿ. ಆದ್ರ ನಾಳಿ ಇನ್ನೊಬ್ಬ ಬಂದು ಇದು ನಂದು ಅಂದ್ರ ನಾ ಏನ್ ಹೇಳ್ಲಿ? ಕಾಗಜ್ ಇಲ್ಲಂದ್ರ ಗವಾಹಿ ಬೇಕು. ಇದು ನಿಮ್ದ ಅಂತ ಇಬ್ರು ಸಾಕ್ಷಿ ಹೇಳ್ಲಿ. ಐತವಾರ ಲಾರಿ ತರ್ತೀನಿ."

ಅವನು ಕೇಳಿದ್ದು ನ್ಯಾಯವೇ ಆಗಿತ್ತು. ಆದರೂ ಅವನು ಹೋದ ಮೇಲೆ ನಾನು ಹೊಸ್ತಿಲ ಮೇಲೆ ಬಹಳ ಹೊತ್ತು ಕೂತೆ. ಇಷ್ಟು ವರ್ಷ ಈ ಊರಿನಲ್ಲಿ ಬಾಳಿದವಳು, ಜೀಪು ನನ್ನದು ಎನ್ನುವ ಎರಡು ಬಾಯಿಗಾಗಿ ಓಣಿ ಸುತ್ತಬೇಕಾಗಿತ್ತು. ಸಿಗದಿದ್ದರೆ ಏನು ಎಂದು ಭಯವಾಯಿತು. ಜೀಪು ಉಳಿದರೆ ಉಳಿಯಲಿ, ಗುರುತು ಹೇಳುವವರು ಇಲ್ಲ ಎನ್ನುವುದು ಗೊತ್ತಾಗಿಬಿಟ್ಟರೆ?

ಪಕ್ಕದ ಮನೆಗೆ ಬಾಡಿಗೆಗೆ ಬಂದ ಹುಡುಗಿ, "ಅದು ನಡೀತೈತಾ ಆಂಟಿ? ನಾ ಯಾರೋ ಬಿಟ್ಟು ಹೋಗ್ಯಾರ ಅಂದ್ಕೊಂಡಿದ್ದೆ" ಎಂದಳು. ಅವಳದು ತಪ್ಪಲ್ಲ, ಓಡಿದ್ದನ್ನು ಅವಳು ನೋಡಿಲ್ಲ. ಗುಡಿಯ ಮುಂದೆ ಹೂ ಮಾರುವ ಹಳೆಯ ಗೆಳತಿ ಬರಲು ಒಪ್ಪಿದಳು. "ನಿನ್ ಗಂಡನ ಜೀಪು ಅಂತ ಯಾರಿಗೆ ಗೊತ್ತಿಲ್ಲ ಬಿಡ" ಎಂದಳು. ಆ ಮಾತು ನನ್ನನ್ನು ರಾತ್ರಿಯವರೆಗೂ ಚುಚ್ಚಿತು. ಓಣಿಯ ತುದಿಯಲ್ಲಿ ಕುರಿ ಸಾಕುವ ಮುದುಕನೊಬ್ಬನಿದ್ದಾನೆ, ಮೈಲಾರನ ಒಕ್ಕಲು. ಹಿಂದೆ ಅವನ ಮರಿಗಳು ನಮ್ಮ ಸೀರೆ ಗಂಟುಗಳ ನಡುವೆ ಕೂತು ಸಂತೆಗೆ ಬರುತ್ತಿದ್ದವು. ಅವನಿಗೆ ಈಗ ಕಿವಿ ಮಂದ. ಕೂಗಿ ಕೂಗಿ ಹೇಳಿದೆ, ತಲೆಯಾಡಿಸಿದ. ತಿಳಿಯಿತೋ ಇಲ್ಲವೋ ಗೊತ್ತಾಗಲಿಲ್ಲ.

ಐತವಾರ ಗದ್ವಾಲದವನು ಬಂದ. ಲಾರಿ ಓಣಿಯೊಳಗೆ ಬರಲಾರದೆ ದೊಡ್ಡ ರಸ್ತೆಯಲ್ಲಿ ನಿಂತಿತು. ಹೂವಿನವಳು ಹೇಳುವುದನ್ನು ಹೇಳಿದಳು, ಗಂಡನ ಜೀಪು ಎಂದೇ. ಆಮೇಲೆ ಮುದುಕ ಬಂದ. ಬಾನೆಟ್ಟಿಗೆ ಚಿಟಿಕೆ ಭಂಡಾರ ಹಚ್ಚಿ, ಅದೇ ಹಳದಿ ಬೆರಳನ್ನು ನನ್ನ ಕಡೆಗೆ ತೋರಿಸಿದ.

"ಗಾಡಿ ಈಕೀದು. ಗಂಡ ದಬ್ಬತಿದ್ದ, ಈಕಿ ನಡಸ್ತಿದ್ಲು. ನಡಸಾಕಿದು ಗಾಡಿ, ದಬ್ಬಾಂವದು ಅಲ್ಲ."

ನನಗೆ ಅಳು ಬಂತು. ಕಣ್ಣಿಗೆ ಧೂಳು ಬಿತ್ತು ಎಂದೆ. ಯಾರೂ ನಂಬಲಿಲ್ಲ.

ಗದ್ವಾಲದವನು ದುಡ್ಡು ಕೊಟ್ಟು ಸ್ಟೇರಿಂಗ್ ಹಿಡಿದು ಕೂತ. ದಬ್ಬುವವರು ಯಾರು? ಮುದುಕ, ಹೂವಿನವಳು, ಪಕ್ಕದ ಮನೆಯ ಹುಡುಗಿ. ಸಾಲಲಿಲ್ಲ. ನಾನು ಸೆರಗು ಸಿಕ್ಕಿಸಿ ಹಿಂದೆ ಹೋದೆ. ಇಷ್ಟು ವರ್ಷಗಳಲ್ಲಿ ನಾನು ಆ ಜಾಗದಲ್ಲಿ ಒಮ್ಮೆಯೂ ನಿಂತಿರಲಿಲ್ಲ. ತಗಡಿನ ಬಲಮೂಲೆಯಲ್ಲಿ ಬಣ್ಣ ಹೋಗಿ ನುಣುಪಾದ ಭಾಗವೊಂದಿತ್ತು. ಅಂಗೈ ಇಟ್ಟೆ. ಅವರ ಅಂಗೈ ದೊಡ್ಡದು, ನನ್ನ ಕೈ ಸುತ್ತ ಇನ್ನೂ ಜಾಗ ಉಳಿಯಿತು.

ದಬ್ಬಿದೆವು. ಜೀಪು ಎರಡು ಸಲ ಕೆಮ್ಮಿ, ಮೂರನೆಯದಕ್ಕೆ ಹಿಡಿಯಿತು. ಆ ಸದ್ದು ಕೇಳುತ್ತಲೇ ನನ್ನ ಮನಸ್ಸು ಪೂರಾ ತಿರುಗಿತು. ಬೇಡ, ಕೊಡುವುದಿಲ್ಲ, ದುಡ್ಡು ವಾಪಸು ಒಗೆಯುತ್ತೇನೆ ಎನ್ನಿಸಿತು. ಕೈ ಎತ್ತಿ ತಗಡಿಗೆ ಒಂದು ಬಡಿದೆ.

ಅವನಿಗೆ ಆ ಭಾಷೆ ಗೊತ್ತಿತ್ತು. ಜೀಪು ಮೆಲ್ಲಗಾಯಿತು. "ಏನಕ್ಕಾ?" ಎಂದು ತಲೆ ಹೊರಗೆ ಹಾಕಿದ. ಎಂಜಿನ್ನು ತಡವರಿಸುತ್ತಿತ್ತು, ಇನ್ನೊಂದು ಉಸಿರಿನಲ್ಲಿ ಆರಿಹೋಗುತ್ತಿತ್ತು. ಆರಿದರೆ ಅದು ಮತ್ತೆ ನನ್ನ ಅಂಗಳದಲ್ಲಿ ನಿಲ್ಲುತ್ತದೆ, ಕೋಳಿ ಮೊಟ್ಟೆಯಿಡುತ್ತದೆ, ನಾನು ಕಿಟಕಿಯಿಂದ ನೋಡುತ್ತೇನೆ.

ಇನ್ನೊಂದು ಬಡಿದೆ.

ಜೀಪು ಎಗರಿ ಮುಂದೆ ಹೋಯಿತು. ಕೆಟ್ಟ ಮೊಣಕಾಲು ಮರೆತು ನಾನು ಅದರ ಹಿಂದೆ ನಾಲ್ಕು ಹೆಜ್ಜೆ ಓಡಿಬಿಟ್ಟೆ, ಹತ್ತುವವಳ ಹಾಗೆ. ಓಣಿ ದಾಟಿ, ಗುಡಿಯ ಮೂಲೆಯಲ್ಲಿ ಹೊರಳಿ, ಅದು ಮರೆಯಾಯಿತು. ಹೂವಿನವಳೂ ಹುಡುಗಿಯೂ ಕೈ ಜಾಡಿಸಿಕೊಂಡು ಹೋದರು. ಮುದುಕ ಮಾತ್ರ ಗುಡಿಯ ಕಡೆ ನೋಡುತ್ತ ನನ್ನ ಪಕ್ಕದಲ್ಲಿ ನಿಂತಿದ್ದ. ಸ್ವಲ್ಪ ಹೊತ್ತಿನ ಮೇಲೆ, "ಗುಡಿ ಸುತ್ತಿ ಬರೂದು ಇಷ್ಟೊತ್ತು ಹಿಡೀತಿದ್ದಿಲ್ಲಲ್ಲವಾ" ಎಂದ.

"ಈ ಸಲ ಬರಂಗಿಲ್ಲ ಕಾಕಾ" ಎಂದೆ. ಅವನಿಗೆ ಕೇಳಿಸಲಿಲ್ಲ. ಮತ್ತೊಮ್ಮೆ ಕೂಗಿ ಹೇಳುವುದು ನನ್ನಿಂದ ಆಗಲಿಲ್ಲ. ಅವನ ಜೊತೆ ನಾನೂ ಕಾಯುತ್ತ ನಿಂತೆ.