ಬಚ್ಚಲೊಲೆಗೆ ಬಾಗಿಲು ಬಂದದ್ದು

ಗುಬ್ಬಿಯ ನಮ್ಮ ಮನೆಯಲ್ಲಿ ಬೆಳಿಗ್ಗೆ ಬಚ್ಚಲೊಲೆ ಹಚ್ಚುವ ಕೆಲಸ ಮಾವನದು. ಬಸ್ ಕಂಡಕ್ಟರಾಗಿದ್ದು ನಿವೃತ್ತರಾದ ಅವರು ಮನೆಯ ಬೇರೆ ಯಾವ ಕೆಲಸಕ್ಕೂ ಕೈ ಹಾಕಿದವರಲ್ಲ. ಇದಕ್ಕೆ ಮಾತ್ರ ಅಷ್ಟೊಂದು ಶ್ರದ್ಧೆ ಏಕೆಂದು ಮದುವೆಯಾದ ಹೊಸದರಲ್ಲೇ ಕಂಡುಹಿಡಿದೆ. ಡಾಕ್ಟರು ಬಿಡಿಸಿದ್ದ ಬೀಡಿಯನ್ನು ಅವರು ತೆಂಗಿನ ಸಿಪ್ಪೆಯ ಹೊಗೆಯ ಮರೆಯಲ್ಲಿ ಸೇದುತ್ತಿದ್ದರು. ಕಟ್ಟು ಇರುತ್ತಿದ್ದದ್ದು ಹಂಡೆಯ ಹಿಂದಿನ ಗೋಡೆಯ ಸಂದಿನಲ್ಲಿ. ನನಗೆ ಗೊತ್ತೆಂದು ಅವರಿಗೂ ಗೊತ್ತಿತ್ತು, ಆದರೆ ನಾನು ಬಾಯಿ ಬಿಡಲಿಲ್ಲ. ತುಮಕೂರಿನ ಸ್ಕೂಲಿಗೆ ಬೆಳಿಗ್ಗೆ ಬೇಗ ಬಸ್ಸು ಹಿಡಿಯಬೇಕಾದ ನನಗೆ ಮೊದಲ ಬಿಸಿನೀರು ಸಿಗುತ್ತಿತ್ತು. ಅತ್ತೆಗೆ ತಿಳಿದರೆ ಅವರ ಬೀಡಿಯೂ ಹೋಗುತ್ತದೆ, ನನ್ನ ನೀರೂ ಹೋಗುತ್ತದೆ.

ಹೊಗೆಗೆ ಕಣ್ಣು ಉರಿಯುತ್ತದೆಂದು ಅತ್ತೆ ಒಂದು ದಿನ ಕ್ಯಾತ್ಸಂದ್ರದಲ್ಲಿ ಬಾಗಿಲಿರುವ ಕಬ್ಬಿಣದ ಒಲೆ ಮಾಡಿಸಿ ಆಟೋದಲ್ಲಿ ತಂದರು. ಹಳೆಯ ಒಲೆಯ ಬಾಯೊಳಗೆ ಅದನ್ನು ಕೂರಿಸಿ, ಹೊಗೆಯನ್ನು ಪೈಪಿನಲ್ಲಿ ಮೇಲಕ್ಕೆ ಬಿಡಬೇಕು. ಮೇಸ್ತ್ರಿ ಬಂದು ಹಳೆಯ ಚಿಮಣಿಯಿಂದ ಎರಡು ಬಾಂಡ್ಲಿ ಮಸಿ, ಒಂದು ಹಕ್ಕಿಗೂಡು ಇಳಿಸಿದ.

"ಪೈಪು ಅರ್ಧಕ್ಕೆ ಸಾಕು ಬುಡಪ್ಪ, ಮೇಲೆ ಹಳೆ ಚಿಮಣಿನೇ ಐತಲ್ಲ," ಅಂದರು ಮಾವ. ಸ್ವಲ್ಪ ಹೊಗೆಯಾದರೂ ಬಚ್ಚಲಲ್ಲಿ ಉಳಿಯಲಿ ಎಂಬ ಆಸೆ.

"ಆಗಾಕಿಲ್ಲ ಯಜಮಾನ್ರೇ. ಚಿಮಣಿ ಅಟ್ಟದೊಳಗಿಂದ ಹೋಗೈತೆ, ಬಿರುಕು ಬೇರೆ ಬಿಟ್ಟೈತೆ. ಅಟ್ಟದ ತುಂಬ ಕೊಬ್ಬರಿಗೆ ಹಾಕಿರೋ ಕಾಯಿ. ಒಂದು ಕಿಡಿ ನುಗ್ಗಿದ್ರೆ ಮನೆ ಉಳಿಯಲ್ಲ."

ಮಾವ ಸಹಾಯಕ್ಕಾಗಿ ನನ್ನ ಕಡೆ ನೋಡಿದರು. ಪಾಪ ಅನ್ನಿಸಿತು. ಆದರೆ ಆ ಅಟ್ಟದ ಇನ್ನೊಂದು ತುದಿಯ ಕೆಳಗೇ ನಾನು ಮಲಗುವುದು.

"ಪೂರ್ತಿ ಹಾಕ್ಲಿ ಬಿಡಿ ಮಾವ," ಅಂದೆ.

ಮೇಸ್ತ್ರಿ ಬಿರುಕುಗಳಿಗೆ ಗಾರೆ ಮೆತ್ತಿ, ಕಾಯಿಗಳನ್ನು ಚಿಮಣಿಯಿಂದ ದೂರ ಸರಿಸಿದ. ಪೈಪು ಹೆಂಚು ದಾಟಿ ಮೇಲೆದ್ದಿತು, ತಲೆಗೊಂದು ತಗಡಿನ ಟೋಪಿ. ಕೊನೆಗೆ ಒಲೆಯಲ್ಲಿ ನಾಲ್ಕು ಕರಟ ಹಚ್ಚಿ, "ಒಂದು ಊದುಬತ್ತಿ ಕೊಡಿ, ಹೊಗೆ ಎಳೀತದಾ ನೋಡುವ," ಅಂದ. ಬಾಗಿಲ ಬಳಿ ಹಿಡಿದರೆ ಹೊಗೆ ಒಳಕ್ಕೆ ಹೋಗಬೇಕು. ಹೊರಕ್ಕೆ ಬಂದರೆ ಕೆಲಸ ಕೆಟ್ಟಂತೆ.

"ಊದುಬತ್ತಿ ನಿನ್ನೆನೇ ಮುಗೀತಲ್ಲ," ಅಂದರು ಅತ್ತೆ.

ಮಕ್ಕಳಿಗೆ ವಿಜ್ಞಾನ ಹೇಳುವ ನನಗೆ ಆ ಪರೀಕ್ಷೆ ನೋಡುವ ಆತುರ. ಹಂಡೆಯ ಹಿಂದೆ ಕೈ ಹಾಕಿ ಬೀಡಿಕಟ್ಟು ತೆಗೆದು, "ತಗೊಳ್ಳಿ, ಇದೂ ಆಗುತ್ತೆ," ಎಂದು ಮೇಸ್ತ್ರಿಗೆ ಕೊಟ್ಟೆ.

ಏನು ಮಾಡಿದೆನೆಂದು ಗೊತ್ತಾದದ್ದು ಕೊಟ್ಟ ಮೇಲೆ.

"ಯಾರ್ದಮ್ಮ ಇದು?" ಅತ್ತೆ ನನ್ನನ್ನೇ ಕೇಳಿದರು.

ಮಾವ ಗಂಟಲು ಸರಿಮಾಡಿಕೊಂಡು, "ನಂಗೇನ್ ಗೊತ್ತು? ತೆಗ್ದೋರ್ನ ಕೇಳು," ಅಂದರು. ಆರು ವರ್ಷ ಗುಟ್ಟು ಕಾಪಾಡಿದವಳಿಗೆ ಇದು ಬಹುಮಾನ. ಮೈಯೆಲ್ಲ ಉರಿದುಹೋಯಿತು.

ಮೇಸ್ತ್ರಿ ಯಾರ ಮುಖವನ್ನೂ ನೋಡದೆ ಬೀಡಿ ಹಚ್ಚಿ ಬಾಗಿಲ ಬಳಿ ಹಿಡಿದ. ಹೊಗೆ ಒಂದೆಳೆಯೂ ಬಿಡದಂತೆ ಒಳಕ್ಕೆ ಓಡಿತು. "ಚೆನ್ನಾಗಿ ಎಳೀತದೆ," ಅಂದ. ಅತ್ತೆ ಉಳಿದ ಕಟ್ಟನ್ನು ಇಸಿದುಕೊಂಡು ಒಲೆಯೊಳಗೆ ಎಸೆದು ಬಾಗಿಲು ಮುಚ್ಚಿದರು.

ಮರುದಿನ ಬೆಳಿಗ್ಗೆ ಬಚ್ಚಲಿಗೆ ಹೋದರೆ ಹೊಗೆಯಿಲ್ಲ, ಕಣ್ಣುರಿಯಿಲ್ಲ. ಒಲೆಯ ಬಾಗಿಲು ತೆರೆದರೆ ತಣ್ಣನೆಯ ಬೂದಿ. ಮಾವ ಇನ್ನೂ ಮುಸುಕು ಹೊದ್ದು ಮಲಗಿದ್ದರು. ಅಡುಗೆಮನೆಯಿಂದ ಅತ್ತೆಯ ದನಿ ಕೇಳಿಸಿತು.

"ಬೀಡಿ ಇಡೋ ಜಾಗ ಗೊತ್ತಿರೋಳ್ಗೆ ಬೆಂಕಿಪೊಟ್ಟಣ ಇಡೋ ಜಾಗಾನೂ ಗೊತ್ತಿರುತ್ತೆ. ನೀನೇ ಹಚ್ಕೊಳ್ಳಮ್ಮ."