ದೊಡ್ಡಮ್ಮನ ಫ್ರಿಜ್ಜು, ನಮ್ಮ ಮನೆಯ ಕೆಂಪು ಬಲ್ಬು

1995ರ ಅಕ್ಟೋಬರ್ ಮೊದಲ ಭಾನುವಾರ ಮಲ್ಲಂದೂರಿನ ನಮ್ಮ ದೊಡ್ಡಪ್ಪನ ಮನೆಗೆ ಫ್ರಿಜ್ ಬಂತು. ನಮ್ಮ ಮನೆಗೂ ಅವರ ಮನೆಗೂ ನಡುವೆ ಇದ್ದದ್ದು ಕಾಫಿ ಒಣಗಿಸುವ ಕಣ ಮಾತ್ರ. ಫ್ರಿಜ್ಜನ್ನು ಜೀಪಿನಿಂದ ಇಳಿಸುವುದನ್ನು ಅಮ್ಮ ಜಗಲಿಯಲ್ಲಿ ನಿಂತು ಕಡೆಯವರೆಗೂ ನೋಡಿ, "ಬಣ್ಣ ಚೆನ್ನಾಗಿಲ್ಲ" ಎಂದು ಒಳಗೆ ಹೋದರು.

ಆಗ ಕಾಫಿಗೆ ಒಳ್ಳೆಯ ಬೆಲೆಯಿತ್ತು. ಭಾನುವಾರ ಪೂಜೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ಹೊಸ ಬೈಕು, ಜೀಪುಗಳು ಸಾಲಾಗಿ ನಿಲ್ಲುತ್ತಿದ್ದವು. ಫಾದರ್ ಒಂದೊಂದಕ್ಕೂ ತೀರ್ಥ ಚಿಮುಕಿಸುತ್ತಿದ್ದರು. ಅದೇ ಫಾದರ್ ಪ್ರಬೋಧನೆಯಲ್ಲಿ, ಪರರ ಸೊತ್ತಿಗೆ ಆಸೆಪಡಬಾರದೆಂಬ ಕಟ್ಟಳೆಯನ್ನು ವಿವರಿಸುವಾಗ ಅಮ್ಮ ಮುಂದಿನ ಬೆಂಚಿನಲ್ಲಿದ್ದ ದೊಡ್ಡಮ್ಮನ ಸೀರೆ ನೋಡುತ್ತಿದ್ದರು. ನಾನು ದೊಡ್ಡಮ್ಮನ ಮಗಳ ವಾಚು ನೋಡುತ್ತಿದ್ದೆ.

ಎರಡೂ ಮನೆಗೆ ಕರೆಂಟ್ ಒಂದೇ ಕಂಬದಿಂದ. ನಮ್ಮ ಹಜಾರದಲ್ಲಿ ಯೇಸುವಿನ ಪಟದ ಮುಂದೆ ಹಗಲೂ ರಾತ್ರಿ ಉರಿಯುವ ಸಣ್ಣ ಕೆಂಪು ಬಲ್ಬಿತ್ತು. ದೊಡ್ಡಮ್ಮನ ಫ್ರಿಜ್ ಶುರುವಾದಾಗಲೆಲ್ಲ ಅದು ಮಂಕಾಗುತ್ತಿತ್ತು. ಸಂಜೆ ಜಪಸರ ಹೇಳುವಾಗ ಅಮ್ಮ ಕಣ್ಣು ಮುಚ್ಚುವುದನ್ನೇ ಬಿಟ್ಟರು. ಬಲ್ಬು ಮಂಕಾದರೆ ಪ್ರಾರ್ಥನೆಯ ನಡುವೆಯೇ, "ಶುರುವಾಯ್ತು ಅವರದ್ದು" ಎನ್ನುತ್ತಿದ್ದರು.

ಅಕ್ಟೋಬರ್ ಜಪಸರದ ತಿಂಗಳು. ಮಾತೆ ಮರಿಯಳ ಪ್ರತಿಮೆ ದಿನಕ್ಕೊಂದು ಮನೆಗೆ ಹೋಗುತ್ತದೆ. ಸುತ್ತಲಿನ ಕ್ರೈಸ್ತರೆಲ್ಲ ಸಂಜೆ ಅಲ್ಲಿ ಸೇರುತ್ತಾರೆ. ದೊಡ್ಡಮ್ಮ ತಮ್ಮ ಸರದಿಯ ದಿನ ಎಲ್ಲರಿಗೂ ಐಸ್ ಹಾಕಿದ ಶರಬತ್ತು ಕೊಟ್ಟರು. ಹೊರಗೆ ಜಡಿಮಳೆ. ಜನ ಶಾಲು ಹೊದ್ದು, ನಡುಗುತ್ತ ಕುಡಿದು, ಇನ್ನೊಂದು ಲೋಟ ಕೇಳಿದರು. ಮುಂದಿನ ವಾರ ನಮ್ಮ ಸರದಿ.

"ಅಷ್ಟು ಜನಕ್ಕೆ ನಾನು ಬರೀ ಕಾಫಿ ಕೊಡೋದಾ?" ಅಮ್ಮ ಅಪ್ಪನನ್ನು ಕೇಳಿದರು.

"ಕಾಫಿ ಬೆಳೆಯೋರು ಕಾಫಿನೇ ಕೊಡೋದು ಮಾರಾಯ್ತಿ."

"ಹಾಗಾದ್ರೆ ಮಾತೆಯವರು ನಮ್ಮನೆಗೆ ಬರೋದೇ ಬೇಡ. ಫಾದರ್‌ಗೆ ನೀವೇ ಹೇಳಿ."

ಸರದಿಯ ದಿನ ಬೆಳಿಗ್ಗೆ ಅಪ್ಪ ಚಿಕ್ಕಮಗಳೂರಿಗೆ ಹೋಗಿ ಫ್ರಿಜ್ ತಂದರು. ಬಂದವರಿಗೆಲ್ಲ ಕಾಣಲೆಂದು ಅಮ್ಮ ಅದನ್ನು ಹಜಾರದಲ್ಲೇ ಇಡಿಸಿದರು. ಅಲ್ಲಿ ಪ್ಲಗ್ ಸಿಕ್ಕಿಸುವ ಜಾಗ ಒಂದೇ ಇತ್ತು, ಕೆಂಪು ಬಲ್ಬಿನದು. ಅಮ್ಮ ಬಲ್ಬಿನ ಪ್ಲಗ್ ಕಿತ್ತು ಫ್ರಿಜ್ಜಿನದನ್ನು ಸಿಕ್ಕಿಸಿದರು.

ಸಂಜೆ ಪ್ರತಿಮೆ ಬಂತು. ಜನ ಮೊಣಕಾಲೂರಿದರು. ದೊಡ್ಡಮ್ಮ ಫ್ರಿಜ್ಜಿನ ಕಡೆ ತಿರುಗಲಿಲ್ಲ. ಪಟದ ಕಡೆ ನೋಡಿ, "ದೀಪ ಎಲ್ಲಿ?" ಎಂದರು.

"ಬಲ್ಬು ಸುಟ್ಟೋಯ್ತು ಅಕ್ಕ."

"ಅಯ್ಯೋ, ಮೊದಲೇ ಹೇಳೋದಲ್ವಾ? ನಮ್ಮಲ್ಲಿ ಇನ್ನೊಂದಿದೆ."

ಅವರು ಕಣ ದಾಟಿ ಹೋಗಿ ಹೊಸ ಬಲ್ಬು ತಂದರು. ಹಳೆಯದನ್ನು ತೆಗೆದು ಅದನ್ನು ಹಾಕಿದರು. ಅದೂ ಉರಿಯಲಿಲ್ಲ. ವೈರು ಎಲ್ಲಿಗೆ ಹೋಗಿದೆಯೆಂದು ಕೈಯಲ್ಲಿ ಹಿಡಿದು ನೋಡುತ್ತ ಫ್ರಿಜ್ಜಿನ ಹಿಂದಕ್ಕೆ ಬಗ್ಗಿದರು.

"ಸುಟ್ಟಿಲ್ಲ ಮಾರಾಯ್ತಿ, ಪ್ಲಗ್ ಇಲ್ಲಿ ನೇತಾಡ್ತಿದೆ. ಯೇಸುಸ್ವಾಮಿಗೇ ಪವರ್ ಕಟ್ ಮಾಡಿದ್ದೀಯಲ್ಲೇ!"

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ದೊಡ್ಡಮ್ಮ ಫ್ರಿಜ್ಜಿನ ಪ್ಲಗ್ ಎಳೆದು ಬಲ್ಬಿನದನ್ನು ಸಿಕ್ಕಿಸಿದರು. ಬಲ್ಬು ಉರಿಯಿತು. ಪ್ರಾರ್ಥನೆ ಮುಗಿಯುವಷ್ಟರಲ್ಲಿ ಅದು ಮತ್ತೆ ಮಂಕಾಯಿತು; ಕಣದಾಚೆ ಅವರ ಫ್ರಿಜ್ ಶುರುವಾಗಿತ್ತು. ನಮ್ಮದರಲ್ಲಿ ಐಸ್ ಕಟ್ಟಿರಲಿಲ್ಲ. ಅಮ್ಮ ಹಂಚಿದ ಶರಬತ್ತನ್ನು ದೊಡ್ಡಮ್ಮ ಒಂದು ಗುಟುಕು ಕುಡಿದು, "ಒಳ್ಳೇದೇ ಆಯ್ತು, ತಣ್ಣಗಿದ್ರೆ ನನಗೆ ಹಲ್ಲು ಜುಂ ಅನ್ನುತ್ತೆ" ಎಂದರು.

ಮರುದಿನ ಅಮ್ಮ ದೊಡ್ಡಮ್ಮ ತಂದಿದ್ದ ಬಲ್ಬನ್ನು ಕಾಗದದಲ್ಲಿ ಸುತ್ತಿ ನನ್ನ ಕೈಯಲ್ಲಿ ವಾಪಸು ಕಳಿಸಿದರು. ಹಜಾರಕ್ಕೆ ಇನ್ನೊಂದು ಪ್ಲಗ್ ಹಾಕಿಸಿದರು. 1998ರಲ್ಲಿ ದೊಡ್ಡಮ್ಮನ ಮನೆಗೆ ಕಲರ್ ಟಿವಿ ಬಂತು. ಅದೇ ವರ್ಷ ನಮ್ಮ ಮನೆಗೂ ಬಂತು. ಆಮೇಲೆ ಕಾಫಿಯ ಬೆಲೆ ಬಿದ್ದ ವರ್ಷಗಳಲ್ಲಿ ಎರಡೂ ಮನೆಗೆ ಏನೂ ಬರಲಿಲ್ಲ. ಆಗ ಅಮ್ಮ ಮತ್ತು ದೊಡ್ಡಮ್ಮ ಚರ್ಚಿನಲ್ಲಿ ಒಂದೇ ಬೆಂಚಿನಲ್ಲಿ ಕೂರುತ್ತಿದ್ದರು.

ಕಾಫಿಗೆ ಮತ್ತೆ ಬೆಲೆ ಬಂದ ಮೇಲೆ, 2008ರ ಏಪ್ರಿಲ್‌ನಲ್ಲಿ ದೊಡ್ಡಮ್ಮ ಎರಡು ಬಾಗಿಲಿನ ಫ್ರಿಜ್ ತರಿಸಿದರು. ಅಮ್ಮ ಅದನ್ನು ನೋಡಲು ಇನ್ನೂ ಹೋಗಿಲ್ಲ.